ಮೂವತ್ತೊಂದನೆಯ ಬ್ಲೇಡು

ಮೇ ತಿಂಗಳ ಉರಿಬಿಸಿಲಿನಲ್ಲಿ ಸ್ವೆಟರನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತುವ ಹೆಂಗಸು ಇಡೀ ಹೈದರಾಬಾದಿಗೆ ಒಬ್ಬಳೇ ಇದ್ದಳು. ಚಂಪಾಪೇಟೆಯ ಪೆಂಟಮ್ಮ. "ಏನಮ್ಮಾ, ಇವತ್ತೂ ಕಾಶ್ಮೀರಕ್ಕಾ?" ಎಂದು ಕಂಡಕ್ಟರು ಕೇಳಿದರೆ, "ಹೂಂ, ಅಲ್ಲಿಗೇ ಒಂದು ಟಿಕೀಟು ಕೊಡು, ನಿನ್ನ ಬಸ್ಸು ಅಲ್ಲಿವರೆಗೂ ಹೋದ್ರೆ" ಎನ್ನುತ್ತಿದ್ದಳು. ಆಕೆ ಹೋಗುತ್ತಿದ್ದದ್ದು ಸರ್ಕಾರಿ ಲ್ಯಾಬೊಂದರ ಮೇಣದ ಕೋಣೆಗೆ. ಹೊರಗೆ ಡಾಂಬರು ಕರಗುತ್ತಿದ್ದರೂ ಅಲ್ಲಿ ಇಪ್ಪತ್ತೇ ಡಿಗ್ರಿ. ಅದು ಮನುಷ್ಯರ ಸುಖಕ್ಕಲ್ಲ, ಮೇಣದ ಸುಖಕ್ಕೆ.

ತೆಲುಗಿನಲ್ಲಿ ಪೆಂಟ ಅಂದರೆ ತಿಪ್ಪೆ. ಅವಳಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ಉಳಿಯದೆ ಹೋದಾಗ ನಾಲ್ಕನೆಯದನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡಿದ್ದರು. ಕನ್ನಡದ ತಿಪ್ಪಮ್ಮಂದಿರ ಕಥೆಯೂ ಇದೇ ತಾನೆ. ಜನಗಾಮದ ಪಕ್ಕದ ಹಳ್ಳಿಯಲ್ಲಿ ಅವಳಪ್ಪ ದೇವರ ವಿಗ್ರಹ ಎರಕ ಹೊಯ್ಯುತ್ತಿದ್ದ. ಮೇಣದಲ್ಲಿ ಅಮ್ಮನವರನ್ನು ತಿದ್ದಿ, ಮಣ್ಣು ಮೆತ್ತಿ, ಸುಟ್ಟು, ಮೇಣ ಹರಿದುಹೋದ ಜಾಗಕ್ಕೆ ಹಿತ್ತಾಳೆ ಹೊಯ್ಯುವ ಕೆಲಸ. ಮೇಣ ಯಾವಾಗ ಮಾತು ಕೇಳುತ್ತದೆ, ಯಾವಾಗ ಮೊಂಡು ಹಿಡಿಯುತ್ತದೆ ಎಂಬುದು ಅವಳ ಬೆರಳಿಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಅಕ್ಷರವನ್ನಂತೂ ಅವಳು ಹೆಚ್ಚು ಕಲಿಯಲಿಲ್ಲ.

ಲ್ಯಾಬಿನಲ್ಲಿ ಮಾಲಿಯಾಗಿದ್ದ ಗಂಡ ತೀರಿಕೊಂಡ ಮೇಲೆ ಅವಳಿಗೆ ಕಸ ಗುಡಿಸುವ ಕೆಲಸ ಸಿಕ್ಕಿತು. ಒಂದು ದಿನ ಮೇಣದ ಕೋಣೆ ಗುಡಿಸುವಾಗ, ಅಚ್ಚಿನಿಂದ ತೆಗೆದ ಮೇಣದ ಬ್ಲೇಡುಗಳು ಒಂದಾದ ಮೇಲೊಂದು ಸೊಟ್ಟಗಾಗುವುದನ್ನು ಕಂಡು, "ಅದು ಇನ್ನೂ ಹಸಿ ಇದೆ. ಒಂದಿಷ್ಟು ಹೊತ್ತು ಬಿಟ್ಟು ಎತ್ತಿ" ಎಂದಳು. ಡಿಗ್ರಿ ಪಡೆದವರು ಮೊದಲು ನಕ್ಕರು, ಆಮೇಲೆ ಬಿಟ್ಟು ಎತ್ತಿದರು. ಆರು ತಿಂಗಳಿಗೆ ಪೊರಕೆ ಹೋಗಿ ಅವಳ ಕೈಗೆ ಮೇಣ ತಿದ್ದುವ ಸಣ್ಣ ಚಾಕು ಬಂತು.

ದೇಶ ತನ್ನದೇ ಯುದ್ಧವಿಮಾನ ಕಟ್ಟಿತ್ತು, ಇಂಜಿನ್ ಮಾತ್ರ ಹೊರಗಿನವರದು. ಅವರು ಮನಸ್ಸಾದಾಗ ಕೊಡುತ್ತಿದ್ದರು, ಮುನಿದಾಗ ನಿಲ್ಲಿಸುತ್ತಿದ್ದರು. ಸ್ವಂತ ಇಂಜಿನ್ ಮಾಡೋಣವೆಂದರೆ ಅದರ ಹೊಟ್ಟೆಯೊಳಗಿನ ಬೆಂಕಿಯಲ್ಲಿ ಸುತ್ತಿದರೂ ಕರಗದ, ಸಣ್ಣ ರೆಕ್ಕೆಯಂಥ ಬ್ಲೇಡು ಬೇಕು. ಬೆರಳುದ್ದದ ಆ ಬ್ಲೇಡು ಮಾಡುವ ಗುಟ್ಟನ್ನು ಮಾತ್ರ ಯಾವ ದೇಶವೂ ಯಾರಿಗೂ ಹೇಳಿಕೊಡುವುದಿಲ್ಲ. ಹೀಗಾಗಿ ಪೆಂಟಮ್ಮನ ಮೇಜಿನಿಂದ ಮೇಣದ ಬ್ಲೇಡುಗಳು ಹೋಗುತ್ತಿದ್ದವು, ಅಪ್ಪನ ವಿಗ್ರಹಗಳಂತೆಯೇ ಎರಕಗೊಂಡು ಲೋಹದ ಬ್ಲೇಡುಗಳಾಗಿ ಹೊರಬರುತ್ತಿದ್ದವು, ಎಕ್ಸ್‌ರೇಯಲ್ಲಿ ಫೇಲಾಗುತ್ತಿದ್ದವು. ನೂರಕ್ಕೆ ಎಂಟು ಪಾಸಾದರೆ ಅವತ್ತು ಹಬ್ಬ. ಪತ್ರಿಕೆಯವರು ವರ್ಷಕ್ಕೊಮ್ಮೆ, ಇಷ್ಟು ವರ್ಷ ಏನು ಕಡಿದು ಕಟ್ಟೆ ಹಾಕಿದಿರಿ ಎಂದು ಬರೆಯುತ್ತಿದ್ದರು. ಬರೆದವರನ್ನು ಒಂದು ದಿನ ಆ ಕೋಣೆಯಲ್ಲಿ ಕೂರಿಸಬೇಕಿತ್ತು.

ಇಪ್ಪತ್ತಾರು ವರ್ಷ ಹೀಗೇ ಕಳೆಯಿತು. ಮನೆಯ ಮೇಲೆ ವಿಮಾನ ಹಾದರೆ ಪೆಂಟಮ್ಮ ರೊಟ್ಟಿ ತಟ್ಟುತ್ತಿದ್ದವಳು ಹಾಗೇ ಎದ್ದು ಹೊರಗೆ ಬರುತ್ತಿದ್ದಳು. ಅದು ಯಾರದೋ ಇಂಜಿನ್, ಯಾವ ದೇಶದ್ದೋ ಸದ್ದು. ತನ್ನ ಕೈ ಮುಟ್ಟಿದ ಒಂದು ಬ್ಲೇಡು ಮೇಲೆಲ್ಲೋ ಸುತ್ತುತ್ತಿರಬೇಕು, ಆ ಸದ್ದನ್ನು ಒಂದೇ ಒಂದು ಸಲ ಕೇಳಬೇಕು. ಅವಳಿಗೆ ಬೇರೇನೂ ಬೇಕಿರಲಿಲ್ಲ, ಆದರೆ ಇದು ಎಷ್ಟು ಬೇಕಿತ್ತೆಂದರೆ, ಅದನ್ನು ನೆನೆದು ನಿಂತರೆ ಒಲೆಯ ಮೇಲಿನ ರೊಟ್ಟಿ ಸೀದುಹೋಗುತ್ತಿತ್ತು.

"ಪೆಂಟಕ್ಕ, ನಿನ್ನ ಇಂಜಿನು ನಿನ್ನ ಮರಿಮೊಮ್ಮಗಳ ಮದುವೆಗಾದ್ರೂ ಹಾರುತ್ತೇನೇ?" ಎಂದು ಪಕ್ಕದ ಮೇಜಿನ ಜಹೀರಾಬಿ ಕೆಣಕುತ್ತಿದ್ದಳು.

"ನಿನ್ನ ನಾಲಿಗೆಯೊಂದನ್ನ ಒಳಗಿಟ್ರೆ ಇಂಜಿನೇ ಬೇಡ, ತಾನೇ ಹಾರುತ್ತೆ."

ಕೊನೆಗೂ ದಿನ ಕೂಡಿ ಬಂತು. ಪೆಂಟಮ್ಮನ ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಕೋಣೆಯ ಮುಖ್ಯಸ್ಥ ಶ್ರೀಹರಿ ಲಡ್ಡುವಿನ ಡಬ್ಬಿ ಹಿಡಿದು ಬಂದರು. ಬೆಂಗಳೂರಿನಲ್ಲಿ ಇಂಜಿನ್ ಜೋಡಿಸಿ ಆಗಿದೆ, ಫೆಬ್ರವರಿಯಲ್ಲಿ ಹೊರದೇಶದ ದೊಡ್ಡ ವಿಮಾನವೊಂದಕ್ಕೆ ಕಟ್ಟಿ ಹಾರಿಸುತ್ತಾರೆ, ಅದರ ನಾಲ್ಕು ಇಂಜಿನುಗಳಲ್ಲಿ ಒಂದು ನಮ್ಮದು ಎಂದರು. "ಪೆಂಟಮ್ಮಗಾರೂ, ನಿಮ್ಮ ಮೇಜಿನ ಹನ್ನೆರಡು ಬ್ಲೇಡು ಒಳಗೆ ಕೂತಿವೆ" ಎಂದು ಅವುಗಳ ನಂಬರುಗಳನ್ನು ಓದತೊಡಗಿದರು. ಒಂಬತ್ತು, ಹದಿನಾಲ್ಕು, ಇಪ್ಪತ್ತೆರಡು, ಮೂವತ್ತೊಂದು.

ಮೂವತ್ತೊಂದು ಕೇಳಿದ್ದೇ ಪೆಂಟಮ್ಮನ ಕೈಯಲ್ಲಿದ್ದ ಲಡ್ಡು ಪುಡಿಯಾಯಿತು.

ಆ ಬ್ಲೇಡಿನ ತೆಳು ಅಂಚಿಗೆ ಅವಳ ಚಾಕು ತಾಗಿತ್ತು. ಕೂದಲೆಳೆಯಷ್ಟು ಗಾಯ. ನಿಯಮ ಸ್ಪಷ್ಟವಾಗಿತ್ತು: ಅಂಚಿಗೆ ಏಟು ಬಿದ್ದರೆ ಮೇಣ ವಾಪಸ್ಸು ಪಾತ್ರೆಗೆ. ಆದರೆ ಆ ವಾರ ಒಂದೂ ಪಾಸಾಗಿರಲಿಲ್ಲ. ಇದೊಂದಾದರೂ ಉಳಿಯಲಿ ಎಂದು ಅವಳು ಸೂಜಿ ಕಾಯಿಸಿ, ಒಂದು ಹನಿ ಮೇಣ ಮುಟ್ಟಿಸಿ, ನಯ ಮಾಡಿಬಿಟ್ಟಳು. ಅಮ್ಮನವರ ಮೂಗು ಮುರಿದಾಗ ಅಪ್ಪ ಮಾಡುತ್ತಿದ್ದದ್ದೂ ಅದನ್ನೇ. ಪುಸ್ತಕದಲ್ಲಿ 'ಸರಿ ಇದೆ' ಎಂದು ಬರೆದಳು. ಆಮೇಲೆ ಎಕ್ಸ್‌ರೇಯೂ ಸರಿ ಇದೆ ಎಂದಿತ್ತು.

"ಸಾರ್, ಆ ವಿಮಾನದಲ್ಲಿ ಎಷ್ಟು ಜನ ಕೂರ್ತಾರೆ?" ಎಂದು ಕೇಳಿದಳು.

"ಏಳು ಜನ. ಯಾಕಮ್ಮಾ, ನಿಮಗೂ ಒಂದು ಸೀಟು ಬೇಕಾ?" ಎಂದು ಶ್ರೀಹರಿ ನಕ್ಕರು. ಎಲ್ಲರೂ ನಕ್ಕರು.

ಮಧ್ಯಾಹ್ನ ಊಟಕ್ಕೆ ಕೂತಾಗ ಜಹೀರಾಬಿಗೆ ವಿಷಯ ಹೇಳಿದಳು. ಜಹೀರಾ ತುತ್ತು ಕೆಳಗಿಟ್ಟಳು.

"ಯಾರಾದ್ರೂ ನೋಡಿದ್ರಾ?"

"ಇಲ್ಲ."

"ಹಂಗಾದ್ರೆ ಬಾಯಿಗೆ ಬೀಗ ಹಾಕ್ಕೋ. ಅಷ್ಟು ದೊಡ್ಡ ಮಿಷನ್ನಿಗೆ ಕಾಣದ್ದು ನಿನಗೊಬ್ಬಳಿಗೆ ಕಂಡಿತಾ? ಇಪ್ಪತ್ತಾರು ವರ್ಷ ಕಾದಿದ್ದೀಯ ಅಕ್ಕ. ನೀನೇ ಬಾಗಿಲು ಹಾಕ್ಕೋಬೇಡ."

ಪೆಂಟಮ್ಮ ಬೀಗ ಹಾಕಿಕೊಂಡಳು. ದಸರೆಗೆ ಮುಂಚಿನ ಒಂಬತ್ತು ದಿನ, ಹೂವಿನ ಗೋಪುರದ ಸುತ್ತ ಬತುಕಮ್ಮ ಆಡುವ ಹೆಂಗಸರ ನಡುವೆ ಚಪ್ಪಾಳೆ ತಟ್ಟುತ್ತ ಸುತ್ತಿದಳು, ಹಾಡು ಮಾತ್ರ ಬಾಯಿಗೆ ಬರಲಿಲ್ಲ. ಬ್ಲೇಡು ಗಟ್ಟಿಯಾಗಿಯೇ ಇರಬಹುದು. ಇರದೆಯೂ ಇರಬಹುದು. ಇಂಜಿನ್ ಬಿಚ್ಚಿದರೆ ಫೆಬ್ರವರಿ ತಪ್ಪುತ್ತದೆ, ಆ ಹೊರದೇಶದವರು ಮತ್ತೆ ಯಾವಾಗ ದಿನ ಕೊಡುತ್ತಾರೋ, ಅಷ್ಟರಲ್ಲಿ ತನ್ನನ್ನು ಹಾರ ಹಾಕಿ ಮನೆಗೆ ಕಳಿಸಿರುತ್ತಾರೆ. ಸುಮ್ಮನಿದ್ದರೆ ತನ್ನ ಹನ್ನೆರಡು ಬ್ಲೇಡು ಹಾರುತ್ತವೆ. ಜೊತೆಗೆ ಏಳು ಜನ, ಅವರಿಗೂ ಹೆಂಡತಿ ಮಕ್ಕಳು.

ದಸರೆಯ ಸಂಜೆ ಎಲ್ಲರಂತೆ ಅವಳೂ ಜಮ್ಮಿ, ಅಂದರೆ ಬನ್ನಿ, ಎಲೆ ಹಿಡಿದು ಶ್ರೀಹರಿಯವರ ಕ್ವಾರ್ಟರ್ಸಿಗೆ ಹೋದಳು. ಆ ದಿನ ಜಮ್ಮಿಯೇ ಬಂಗಾರ. ಅದನ್ನು ಕೈಗಿಟ್ಟು ಚಿಕ್ಕವರು ದೊಡ್ಡವರ ಕಾಲಿಗೆ ಬೀಳಬೇಕು. ಕೆಲಸದಲ್ಲಿ ಎಷ್ಟೇ ದೊಡ್ಡವರಾದರೂ ವಯಸ್ಸಿನಲ್ಲಿ ಶ್ರೀಹರಿ ಚಿಕ್ಕವರು. ಎಲೆ ಕೊಟ್ಟು ಬಗ್ಗಿದರು. ಪೆಂಟಮ್ಮ ಕಾಲು ಹಿಂದೆಳೆದುಕೊಂಡಳು.

"ಬೇಡ ಸಾರ್. ಮೊದಲು ನನ್ನ ಮಾತು ಕೇಳಿ, ಆಮೇಲೂ ಬೀಳೋ ಮನಸ್ಸಿದ್ರೆ ಬೀಳಿ."

ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ಶ್ರೀಹರಿ ಗೋಡೆಗೆ ಕೈ ಕೊಟ್ಟು ನಿಂತರು.

"ಪುಸ್ತಕದಲ್ಲಿ ಏನು ಬರೆದಿದ್ದೀರಿ?"

"ಸರಿ ಇದೆ ಅಂತ."

"ಅದರ ಅರ್ಥ ಏನು ಗೊತ್ತೇನಮ್ಮಾ? ನಾಳೆ ನಾನು ಫೋನ್ ಮಾಡಿದರೆ..." ಒಳಗಿನವರಿಗೆ ಕೇಳದಂತೆ ಅವರು ಬಾಗಿಲು ಮುಂದೆ ಮಾಡಿದರು. "ನೀವು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಏಳು ಜನ ಕೂರ್ತಾರೆ ಅಂದ್ರಲ್ಲ ಸಾರ್."

ಶ್ರೀಹರಿ ಕಾಲಿಗೂ ಬೀಳಲಿಲ್ಲ, ಒಳಗೂ ಕರೆಯಲಿಲ್ಲ. ಮರುದಿನ ಫೋನ್ ಮಾಡಿದರು.

ಇಂಜಿನ್ ಬಿಚ್ಚಿದರು. ಒಂದನ್ನು ನಂಬಲಾಗದಿದ್ದರೆ ಆ ಮೇಜಿನ ಯಾವುದನ್ನೂ ನಂಬುವಂತಿಲ್ಲ ಎಂದು ಹನ್ನೆರಡನ್ನೂ ಕಿತ್ತರು. ಫೆಬ್ರವರಿ ಕೈತಪ್ಪಿತು. ಪೆಂಟಮ್ಮನ ಚಾಕು ಕಸಿದುಕೊಂಡು ಸ್ಟೋರಿನಲ್ಲಿ ಡಬ್ಬಿ ಎಣಿಸಲು ಕೂರಿಸಿದರು. ಅಲ್ಲಿ ಎಸಿ ಇರಲಿಲ್ಲ, ಸ್ವೆಟರೂ ಬೇಕಾಗಲಿಲ್ಲ. ಕೆಲವರು ಮಾತು ಬಿಟ್ಟರು. ಜೂನ್‌ನಲ್ಲಿ ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಜಹೀರಾಬಿ ಒಬ್ಬಳೇ ಗೇಟಿನವರೆಗೆ ಬಂದು, ಬೈಯುತ್ತ ಬೈಯುತ್ತಲೇ ಅಪ್ಪಿಕೊಂಡು ಅತ್ತಳು.

ಮತ್ತೂ ಒಂದೂವರೆ ವರ್ಷದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಶ್ರೀಹರಿ ಚಂಪಾಪೇಟೆಯ ಮನೆಗೆ ಬಂದರು. ಕೂತು ನೀರು ಕುಡಿದರು. ಇಂಜಿನ್ ಹೋದ ವಾರ ಹಾರಿತು ಎಂದು ಹೇಳಿ, ಮೊಬೈಲಿನಲ್ಲಿ ವಿಡಿಯೋ ಹಾಕಿ ಕೈಗೆ ಕೊಟ್ಟರು. ಹಿಮ ಬಿದ್ದ ಮೈದಾನ, ದಪ್ಪ ಹೊಟ್ಟೆಯ ವಿಮಾನ. ಓಡಿತು, ಎದ್ದಿತು.

"ನಮ್ಮದು ಯಾವುದು ಸಾರ್?"

"ಎಡಗಡೆ, ಒಳಗಿನದು."

ಪೆಂಟಮ್ಮ ಮೊಬೈಲನ್ನು ಕಿವಿಗೆ ಹಿಡಿದಳು. ಗಾಳಿಯ ಸದ್ದು, ಯಾರೋ ಪರದೇಶದವರ ಮಾತು, ನಾಲ್ಕೂ ಇಂಜಿನುಗಳ ಮೊರೆತ. ಯಾವ ಸದ್ದು ಯಾರದೆಂದು ತಿಳಿಯಲಿಲ್ಲ.

"ಆ ಮೂವತ್ತೊಂದನ್ನ ಕೊಯ್ದು ನೋಡಿದ್ವಿ" ಎಂದರು ಶ್ರೀಹರಿ ನೆಲ ನೋಡುತ್ತ. "ಏನೂ ಆಗಿರಲಿಲ್ಲ. ತೇಪೆ ಎಲ್ಲಿ ಹಾಕಿದ್ರಿ ಅಂತ ಹುಡುಕಿದರೂ ಸಿಗಲಿಲ್ಲ. ಇಷ್ಟು ದಿನ ಹೇಳೋಕೆ ಮನಸ್ಸು ಬರಲಿಲ್ಲ."

ಅವಳು ಮೊಬೈಲನ್ನು ಇನ್ನೊಂದು ಕಿವಿಗೆ ಹಿಡಿದಳು. ಅದನ್ನು ನೋಡಲಾಗದೆ ಅವರು, "ಅದಕ್ಕೇ ಉಳಿದ ಹನ್ನೊಂದನ್ನ ಮತ್ತೆ ಹಾಕಿದ್ವಿ ಅಮ್ಮಾ. ಇದರೊಳಗಿರೋದು ನಿಮ್ಮವೇ" ಎಂದರು.

ಒಮ್ಮೆ ಕಿತ್ತ ಬ್ಲೇಡನ್ನು ಮತ್ತೆ ಹಾಕುವುದಿಲ್ಲವೆಂದು ಆ ಲ್ಯಾಬಿನಲ್ಲಿ ಕಸ ಗುಡಿಸುವವರಿಗೂ ಗೊತ್ತಿತ್ತು. ಪೆಂಟಮ್ಮ ಸಣ್ಣಗೆ ನಕ್ಕಳು.

"ನಾನು ನಿಜ ಹೇಳಿ ನಿಮ್ಮ ಎರಡು ವರ್ಷ ನುಂಗಿದೆ. ನೀವು ಸುಳ್ಳು ಹೇಳಿ ಆ ನಿಜವನ್ನ ಹಾಳು ಮಾಡಬೇಡಿ ಸಾರ್."

ಶ್ರೀಹರಿ ಬಗ್ಗಿ ಅವಳ ಕಾಲು ಮುಟ್ಟಿದರು. ಈ ಸಲ ಅವಳು ಎಳೆದುಕೊಳ್ಳಲಿಲ್ಲ, ಅವಳಿಗೆ ಅದರ ಕಡೆ ಗಮನವೇ ಇರಲಿಲ್ಲ. ವಿಡಿಯೋ ಮುಗಿದು ಪರದೆ ಕಪ್ಪಾಗಿತ್ತು. ಅದನ್ನು ಹೇಗೆ ಮತ್ತೆ ಹಾಕುವುದೆಂದು ತಿಳಿಯದೆ ಅವರ ಕೈಗೆ ಕೊಟ್ಟಳು.

"ಇನ್ನೊಂದು ಸಲ ಹಾಕಿ" ಎಂದಳು. ವಿಮಾನ ಮತ್ತೆ ಓಡತೊಡಗಿದಾಗ, ಅವರಿಗಲ್ಲ, ಯಾರಿಗೋ ಹೇಳುವಂತೆ ಹೇಳಿದಳು: "ಒಂದಾದ್ರೂ ನಂದು ಇರಬೇಕಿತ್ತು."