ಬಾಣಂತಿ ಮದ್ದಿನ ಲೆಕ್ಕ

ಖುಷಿಯಾದರೆ ನಮ್ಮ ಮೇಡಂನ ಕಿವಿಗಳು ಕೆಂಪಗಾಗುತ್ತಿದ್ದವು. ಗಿಡ್ಡ ಕೂದಲು ಬೇರೆ, ಮುಚ್ಚಿಡಲು ಸಾಧ್ಯವೇ ಇರಲಿಲ್ಲ.

ಜನ ಎಷ್ಟು ವರ್ಷ ಬದುಕುತ್ತಾರೆ, ಯಾವುದರಿಂದ ಸಾಯುತ್ತಾರೆ ಎಂದು ಲೆಕ್ಕ ಹಾಕುವುದೇ ಅವರ ಕಸುಬು. "ಈ ಲೆಕ್ಕ ಇದ್ದವರಿಗೆ ಮಾರಾಯ್ತಿ, ಸತ್ತವರಿಗೆ ಎಂತಕ್ಕೆ?" ಎನ್ನುತ್ತಿದ್ದರು. ಬ್ಯಾರಿ ಮನೆಯ ಹುಡುಗಿಯಾದ ನಾನು ಮಂಗಳೂರಿನ ಕೊಟ್ಟಾರದಲ್ಲಿದ್ದ ಅವರ ಆಫೀಸಿಗೆ ಸಹಾಯಕಿಯಾಗಿ ಸೇರುವಾಗ, ಇಂಥ ಕೆಲಸದವರು ಮುಖ ಗಂಟಿಕ್ಕಿಕೊಂಡೇ ಇರುತ್ತಾರೆ ಅಂದುಕೊಂಡಿದ್ದೆ. ಇವರೋ, ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳುವುದರೊಳಗೆ ಕಂಡಕ್ಟರನ ಅಜ್ಜಿ ಹೇಗೆ ತೀರಿಕೊಂಡರೆಂದು ತಿಳಿದುಕೊಳ್ಳುವವರು!

ಆ ವರ್ಷ ನಾವು ಸಹಾಯಕಿಯರು ವಾಮಂಜೂರಿನ ಒಂದು ಬದಿಯ ಮನೆಗಳಲ್ಲಿ ವಿಚಾರಿಸಿ ಬಂದೆವು. ಒಂದೇ ಒಂದು ಹಸುಗೂಸೂ ಸತ್ತಿರಲಿಲ್ಲ. ನಾವು ಕುಣಿದಾಡಿದೆವು. ಮೇಡಂ ಮಾತ್ರ, "ಇಷ್ಟು ಚಂದದ ಲೆಕ್ಕ ಉಂಟಾ? ನಾವು ಕೇಳಿದ್ದೇ ಸರಿ ಇಲ್ಲ" ಎಂದರು. ಹೀಗೇ ಬರೆದು ಕೊಟ್ಟಿದ್ದರೆ, ಸರ್ಕಾರದವರು ಅಲ್ಲಿ ಮನೆಮನೆಗೆ ಬರುವ ನರ್ಸ್ ಇನ್ನು ಬೇಡ ಎಂದು ತೆಗೆದುಬಿಡುತ್ತಿದ್ದರು.

ಮರುದಿನ ನನ್ನನ್ನು ಕರೆದುಕೊಂಡು ಅವರೇ ಹೊರಟರು. ನಮಗೆ "ಇಬ್ಬರು ಮಕ್ಕಳು" ಎಂದಿದ್ದ ತಾಯಿಯ ಜಗಲಿಯಲ್ಲಿ ಕೂತು, ಅದೂ ಇದೂ ಮಾತಾಡಿ, ಮೆಲ್ಲಗೆ ಕೇಳಿದರು: "ಬಾಣಂತಿ ಮದ್ದು ಎಷ್ಟು ಸರ್ತಿ ತಿಂದದ್ದು ನೀವು?"

"ಮೂರು ಸರ್ತಿ ಮೇಡಂ" ಎಂದ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಹೆಸರಿಡುವ ಮೊದಲೇ ಹೋದ ಕೂಸನ್ನು ನಮ್ಮಲ್ಲಿ ಯಾರೂ ಎಣಿಸುವುದಿಲ್ಲ. ಆದರೆ ಬ್ಯಾರಿಗಳಿರಲಿ, ಬಂಟರಿರಲಿ, ಕ್ರೈಸ್ತರಿರಲಿ, ಹೆತ್ತವಳಿಗೆ ಮದ್ದು ಮಾಡಿ ಕೊಡದ ಮನೆಯಿಲ್ಲ. ಎಂಥ ಪ್ರಶ್ನೆ! ಅದನ್ನೇ ಹಿಡಿದು ಮನೆಯಿಂದ ಮನೆಗೆ ಓಡಿದೆವು, ಒಬ್ಬೊಬ್ಬರಾಗಿ ಬಾಯಿಬಿಟ್ಟರು. ನರ್ಸ್ ಅಲ್ಲೇ ಉಳಿದರು.

ಆ ಸಂಜೆ ಮನೆಯಲ್ಲಿ ಉಮ್ಮನಿಗೆ ಇದನ್ನೆಲ್ಲ ಉಸಿರು ಬಿಡದೆ ಹೇಳಿದೆ. ಮೀನು ಕೊಯ್ಯುತ್ತಿದ್ದ ಉಮ್ಮ ತಲೆಯೆತ್ತದೆ, "ನಾನು ನಾಲ್ಕು ಸರ್ತಿ ತಿಂದಿದ್ದೇನೆ" ಎಂದರು. ಮನೆಯಲ್ಲಿ ನಾವು ಮೂವರು ಮಕ್ಕಳು.

ವಿಷಯ ತಿಳಿದ ಮೇಡಂ ಭಾನುವಾರದ ಪ್ರಾರ್ಥನೆ ಮುಗಿಸಿ ಇಗರ್ಜಿಯಿಂದ ನೇರ ನಮ್ಮಲ್ಲಿಗೆ ಬಂದರು. ಪೆನ್ನು, ಕಾಗದ ಏನನ್ನೂ ತೆಗೆಯಲಿಲ್ಲ. "ಮಗು ಯಾರ ಹಾಗೆ ಇತ್ತು?" ಎಂದಷ್ಟೇ ಕೇಳಿದರು. ಉಮ್ಮ ಮಧ್ಯಾಹ್ನದವರೆಗೂ ಮಾತಾಡಿದರು. ನನಗೊಬ್ಬಳು ಅಕ್ಕ ಇದ್ದಳೆಂದು, ಅವಳಿಗೆ ತಲೆತುಂಬ ಕೂದಲಿತ್ತೆಂದು ನನಗೆ ತಿಳಿದದ್ದು ಅಂದೇ.

ಮೇಡಂ ಕಳೆದ ವರ್ಷ ತೀರಿಕೊಂಡರು. ಅವರು ಕಲಿಸಿದ ಕಸುಬೇ ಇಂದು ನನ್ನ ಅನ್ನ. ಹೊಸಬರು ಯಾರಾದರೂ ಬಂದು ಎಷ್ಟು ಮಕ್ಕಳೆಂದು ಕೇಳಿದರೆ, ಉಮ್ಮ ಈಗ ತಡವರಿಸದೆ "ನಾಲ್ಕು" ಎನ್ನುತ್ತಾರೆ.