ಹೆದ್ದಾರಿ ಬೇಡವೆಂದು ಕೂಗಿದವಳು

ಮಹಾರಾಷ್ಟ್ರದ ಗಡಿಯಿಂದ ಕಾರವಾರದ ಕಡೆಯ ಪೋಳೆಯವರೆಗೆ ಗೋವೆಯನ್ನು ಉದ್ದಕ್ಕೆ ಸೀಳುವ ಹೆದ್ದಾರಿಗೆ ಆಗ ಹದಿನೇಳನೇ ನಂಬರು. ಪರ್ವರಿಯಲ್ಲಿ ಆ ರಸ್ತೆಗೆ ಮುಖ ಮಾಡಿದ್ದ ಹಳೆಯ ಹೆಂಚಿನ ಮನೆಯ ಹಿಂದೆ, ಇಳಿಜಾರಿನಲ್ಲಿ, ತಗಡಿನ ಖೋಲಿಗಳ ಸಾಲು. ಬಾಗಲಕೋಟೆ ಕಡೆಯಿಂದ ಬಂದ ನಾವು ಗಂಡ ಹೆಂಡತಿ ಅಲ್ಲಿ ಬಾಡಿಗೆಗಿದ್ದೆವು. ನಮ್ಮ ಮನೆಯವರು ಡಾಂಬರು ಹಾಕುವ ಗ್ಯಾಂಗಿನಲ್ಲಿ. ನಾನು ಮನೆಯೊಡತಿಯ ಮನೆಗೆಲಸಕ್ಕೆ.

ಅವರನ್ನು ಬಾಯಾರು ಎನ್ನುತ್ತಿದ್ದೆವು. ಒಂಟಿ ಹೆಂಗಸು. ನಮ್ಮೊಡನೆ ಮಾತಾಡುತ್ತ ಅರೆಬರೆ ಕನ್ನಡ ಕಲಿತಿದ್ದರು. ಚಿಕುನ್‌ಗುನ್ಯಾ ಬಂದು ಕೈಕಾಲು ಹಿಡಿದುಕೊಂಡಾಗ ಅವರ ತಲೆ ಬಾಚಿ, ಗಂಜಿ ಕುಡಿಸಿದವಳು ನಾನು. "ನೀ ನನ್ನ ಮಗಳು" ಎಂದಿದ್ದರು. ನಂಬಿದ್ದೆ.

ಹೆದ್ದಾರಿ ಅಗಲ ಮಾಡುತ್ತಾರೆ, ರಸ್ತೆ ಬದಿಯ ಮನೆಗಳೆಲ್ಲ ಹೋಗುತ್ತವೆ ಎಂಬ ಸುದ್ದಿ ಬಂದಾಗ ಬಾಯಾರು ಊಟ ಬಿಟ್ಟರು. ಊರವರು ಮೆರವಣಿಗೆ ಹೊರಟ ದಿನ ನನ್ನನ್ನೂ ಕರೆದರು.

"ನಾ ಹಾಕೂ ರಸ್ತಾ ಬ್ಯಾಡಂತ ನೀ ಕೂಗಾಕ ಹೊಂಟೀಯೇನು?" ಎಂದರು ನಮ್ಮ ಮನೆಯವರು.

"ಅವರ ಮನಿ ಹೋದ್ರ ನಮ್ಮ ಖೋಲಿ ಉಳಿತೈತೇನ್ರಿ?"

ಮಾಂಡವಿ ಸೇತುವೆ ದಾಟಿ ಪಣಜಿಯವರೆಗೆ ಬಿಸಿಲಲ್ಲಿ ನಡೆದೆ. ಕೊಂಕಣಿ ಘೋಷಣೆಗಳು ಪೂರ್ತಿ ತಿಳಿಯದಿದ್ದರೂ ಗಂಟಲು ಹರಿಯುವಂತೆ ಕೂಗಿದೆ.

ಕೂಗಿದ್ದು ಫಲಿಸಿತು. ಕೆಲವು ತಿಂಗಳ ನಂತರ ಒಬ್ಬ ಎಂಜಿನಿಯರ್ ಬಂದು ಬಾಯಾರ ಪಡಸಾಲೆಯಲ್ಲಿ ನಕ್ಷೆ ಹಾಸಿದ. ಹಳೆಯ ರಸ್ತೆಯನ್ನು ಮುಟ್ಟದೆ, ಮನೆಗಳ ಹಿಂದಿನಿಂದ ಇನ್ನೊಂದು ರಸ್ತೆ ತೆಗೆಯಬಹುದು ಎಂದ. ಮನೆಯ ಹಿಂದೆ ಯಾರಾದರೂ ವಾಸವಿದ್ದಾರೆಯೇ ಎಂದು ಕೇಳಿದ. ನಾನು ಚಹಾ ತಂದು ನಿಂತಿದ್ದೆ.

"ಥಂಯ್ ಕೋಣ್ ನಾ," ಎಂದರು ಬಾಯಾರು. ಅಲ್ಲಿ ಯಾರೂ ಇಲ್ಲ. ಘಾಟಿಗಳ ಶೆಡ್ಡುಗಳಿವೆ, ಅಷ್ಟೇ ಎಂದೂ ಸೇರಿಸಿದರು. ಘಾಟಿ ಎಂದರೆ ಘಟ್ಟದ ಮೇಲಿಂದ ಬಂದ ನಾವು. ಅದು ಅಲ್ಲಿ ಬೈಗುಳ. ಎಂಜಿನಿಯರ್ ನನ್ನ ಕೈಯಿಂದ ಕಪ್ಪು ತೆಗೆದುಕೊಂಡು ತಲೆಯಾಡಿಸಿದ.

ಅವನು ಹೋದ ಮೇಲೆ ಕೇಳಿದೆ: "ಬಾಯಾರ, ನಾವೆಲ್ಲಿ ಹೋಗೂದ್ರಿ?"

"ನಿಮಗ ಊರು ಐತಿ. ನನಗ ಇದೊಂದೇ ಮನಿ."

ನಮ್ಮೂರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿತ್ತು. ಅವರು ಜ್ವರದಲ್ಲಿ ಮಲಗಿದ್ದಾಗ ಅದನ್ನೆಲ್ಲ ನಾನೇ ಹೇಳಿದ್ದೆ. ಅಯ್ಯೋ ಎಂದು ಕೈ ಹಿಡಿದುಕೊಂಡಿದ್ದರು.

ಮಳೆಗಾಲ ಮುಗಿದ ಮೇಲೆ ಜೆಸಿಬಿ ಬಂತು. ನಮ್ಮ ಖೋಲಿ ಇದ್ದ ಜಾಗದಲ್ಲಿ ಜಲ್ಲಿ ಹಾಸಿದ್ದು ನಮ್ಮ ಮನೆಯವರ ಗ್ಯಾಂಗೇ. ಬೇರೆ ಕೆಲಸ ಇರಲಿಲ್ಲ. ಆಮೇಲೆ ಗೋವೆಯಲ್ಲೇ ಒಳನಾಡಿನ ಸಾಂಖಳಿಗೆ ಹೋದೆವು.

ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಒಮ್ಮೆ ಬಾಯಾರು ಸಿಕ್ಕರು. ಸೊರಗಿದ್ದರು. ಈಗ ಮನೆಯ ಮುಂದೂ ರಸ್ತೆ, ಹಿಂದೂ ರಸ್ತೆ. ಧೂಳಿಗೆ ಕೆಮ್ಮು ನಿಲ್ಲುವುದಿಲ್ಲ, ಕೆಲಸಕ್ಕೆ ಯಾರೂ ಉಳಿಯುವುದಿಲ್ಲ ಎಂದರು.

"ನೀ ಬರ್ತಿ ಏನು?"

"ಇಲ್ರಿ, ಬರಂಗಿಲ್ಲ," ಎಂದು ಚೀಲ ಎತ್ತಿಕೊಂಡೆ. ಹಿಂದಿನಿಂದ ಅವರು ಕೆಮ್ಮುವುದು ಕೇಳಿಸಿತು. ಕನಿಕರ ಬರಲಿಲ್ಲ. ಬರಬೇಕಿತ್ತು ಎಂದು ಇವತ್ತಿಗೂ ಅನಿಸಿಲ್ಲ.