ಸೇಡಿಗೊಂದು ವೇಳಾಪಟ್ಟಿ

ಬಿಣಗಾ ಘಟ್ಟದ ಇಳಿಜಾರಿನಲ್ಲಿ ಅವನು ತನ್ನ ಗಾಳಿ ಪಂಪನ್ನು ನನ್ನ ಮುಂದಿನ ಚಕ್ರದ ಕಡ್ಡಿಗಳ ನಡುವೆ ತುರುಕಿದ. ಅದನ್ನು ಕಂಡವರು ಇಬ್ಬರೇ, ಅವನು ಮತ್ತು ನಾನು. ಅಂಕೋಲೆಯಿಂದ ಕಾರವಾರಕ್ಕೆ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ನಡೆಯುತ್ತಿದ್ದ ಸೈಕಲ್ ಪಂದ್ಯ ಅದು. ಅಲ್ಲಿಯವರೆಗೆ ನಾನೇ ಮುಂದಿದ್ದೆ. ಎಚ್ಚರಾದಾಗ ಬಾಯಿ ತುಂಬ ಕೆಂಪು ಮಣ್ಣು. ಎಡ ಭುಜದ ಎಲುಬು ಮುರಿದಿತ್ತು.

ಅವನು ಕಾರವಾರದ ಕಟ್ಟಿಗೆ ವ್ಯಾಪಾರಿಯ ಮಗ. ಹೊಸ ವಿಲಾಯಿತಿ ಸೈಕಲ್ ಅವನದು. ನಾನು ಶೆಟಗೇರಿಯ ಕನ್ನಡ ಶಾಲೆಯ ಮಾಸ್ತರ, ಗದ್ದೆ ಕೂಲಿಯವರ ಮನೆಯಲ್ಲಿ ಅಕ್ಷರ ಕಲಿತ ಮೊದಲಿಗ. ನನ್ನ ಸೈಕಲ್ಲು ಎಷ್ಟು ಕೈ ದಾಟಿ ಬಂದದ್ದೋ ನನಗೇ ಗೊತ್ತಿರಲಿಲ್ಲ.

ಭುಜ ಹಿಡಿದುಕೊಂಡೇ ಕಾರವಾರ ಮುಟ್ಟಿ, ಪಂದ್ಯ ನಡೆಸುತ್ತಿದ್ದ ವಕೀಲರಲ್ಲಿಗೆ ಹೋಗಿ ಆದದ್ದನ್ನು ಹೇಳಿದೆ.

“ಸಾಕ್ಷಿ ಯಾರಿದಾರೆ ಮಾಸ್ತರೆ?” ಎಂದರು.

ಕೊರಳಿಗೆ ಹೂವಿನ ಹಾರ ಹಾಕಿಕೊಂಡು ಅವನು ಅಲ್ಲೇ ನಿಂತಿದ್ದ. “ಪಾಪ, ಮಾಸ್ತರಿಗೆ ಘಟ್ಟ ಇಳದು ರೂಢಿ ಇಲ್ಲ. ಗದ್ದೆ ಅಂಚಿನ ಮೇಲೆ ಹೊಡೂಕೆ ಮಾತ್ರ ಬರೂದು” ಎಂದ. ಸುತ್ತಲಿದ್ದವರೆಲ್ಲ ನಕ್ಕರು. ಅವರಲ್ಲಿ ಒಬ್ಬೊಬ್ಬರ ಮುಖವನ್ನೂ ನಾನು ಈಗಲೂ ಬಿಡಿಸಿ ಹೇಳಬಲ್ಲೆ.

ಎಲುಬು ಕೂಡಿಕೊಳ್ಳುವವರೆಗೆ ತಿಂಗಳುಗಟ್ಟಲೆ ಅಕ್ಕನೇ ನನಗೆ ಅನ್ನ ಕಲಸಿ ಕೊಟ್ಟಳು. ಬಲಗೈ ಸರಿಯಾಗಿಯೇ ಇತ್ತು. ಆದರೂ ಅವಳು ಕೇಳಲಿಲ್ಲ. ಮುಂದಿನ ಮಳೆ ಹಿಡಿದ ವಾರ ಒಂದು ಗೀಟು ಪುಸ್ತಕ ತೆರೆದು ಪಂದ್ಯದ ದಿನದವರೆಗಿನ ವೇಳಾಪಟ್ಟಿ ಬರೆದೆ. ಮಳೆಗಾಲದಲ್ಲಿ ರಸ್ತೆಯ ಕೆಸರಿನಲ್ಲಿ ಸೈಕಲ್ ಹೊಡೆಯುವಂತಿರಲಿಲ್ಲ. ಹಾಗಾಗಿ ಇಳಿತದ ಹೊತ್ತು ನೋಡಿ ಕೇಣಿಯ ಕಡಲ ದಂಡೆಯಲ್ಲಿ ಗಟ್ಟಿ ಮರಳಿನ ಮೇಲೆ ಎದುರು ಗಾಳಿಗೆ ಹೊಡೆಯುವುದು. ಮಳೆ ನಿಂತ ಮೇಲೆ ಶಾಲೆ ಬಿಟ್ಟು ಅವರ್ಸಾದವರೆಗೆ ಹೋಗಿ ಬರುವುದು. ನವರಾತ್ರಿಯಿಂದ ಭಾನುವಾರಕ್ಕೊಮ್ಮೆ ಬಿಣಗಾ ಘಟ್ಟ. ಬೀಡಿ ಬಂದ್. ಬೆಳಿಗ್ಗೆ ನೆನೆಸಿದ ಹುರುಳಿ. ಪ್ರತಿ ವಾರದ ಎದುರಿಗೆ ಕೊನೆಯ ಕಾಲಮ್ಮಿನಲ್ಲಿ, ಅಂದು ನಕ್ಕವರಲ್ಲಿ ಒಬ್ಬೊಬ್ಬರ ಗುರುತು ಬರೆದೆ: ‘ಬೆಳ್ಳಿ ಗುಂಡಿಯ ಕೋಟಿನವ’, ‘ಪಾನ್ ಉಗುಳಿದವ’. ಕಾಲು ಸೋತ ದಿನ ಅದನ್ನು ಓದುತ್ತಿದ್ದೆ. ಮರುದಿನ ಸೋಲುತ್ತಿರಲಿಲ್ಲ.

“ಇಷ್ಟ್ ಹುರುಳಿ ತಿಂದ್ರೆ ನೀ ಎತ್ತಾಗ್ತೆ ತಮ್ಮಾ” ಎಂದಳು ಅಕ್ಕ.

“ಆಗ್ಲಿ. ಹಾಯೂಕೆ ಕೋಡು ಬರ್ತದೆ.”

ಮೊದಲ ಭಾನುವಾರ ಘಟ್ಟದ ಅರ್ಧದಲ್ಲೇ ಇಳಿದು ಸೈಕಲ್ ತಳ್ಳಿದೆ. ಮೂರನೆಯ ಭಾನುವಾರ ತುದಿ ಮುಟ್ಟಿದೆ. ಅವನೂ ಅಲ್ಲಿಗೇ ಬರುತ್ತಾನೆಂದು ತಿಳಿದಾಗ ಸೈಕಲ್ಲನ್ನು ಗೇರು ಗಿಡಗಳ ಮರೆಗೆ ಒರಗಿಸಿ ಕೂತು ನೋಡಿದೆ. ಅವನು ಬಲವಾಗಿಯೇ ಹತ್ತುತ್ತಿದ್ದ. ಆದರೆ ಹಿಂದೆ ಸುಮ್ಮನೆ ಒಂದು ಚಕ್ಕಡಿಯ ಸದ್ದಾದರೂ ಸಾಕು, ತಿರುಗಿ ನೋಡಿ ಎದ್ದು ನಿಂತು ತುಳಿಯುತ್ತಿದ್ದ. ಬೆನ್ನ ಹಿಂದೆ ಯಾರಿದ್ದರೂ ಅವನಿಂದ ತಡೆಯಲಾಗುತ್ತಿರಲಿಲ್ಲ. ಮರುದಿನವೇ ಪೇಟೆಗೆ ಹೋಗಿ, ಇದ್ದುದರಲ್ಲೇ ಅತಿ ಕರ್ಕಶವಾದ ಗಂಟೆ ಕೊಂಡು ಹ್ಯಾಂಡಲಿಗೆ ಬಿಗಿದೆ.

ಪಂದ್ಯದ ದಿನ ಬಿಣಗಾದವರೆಗೆ ಗಂಟೆ ಮುಟ್ಟಲಿಲ್ಲ. ಘಟ್ಟ ಶುರುವಾದಾಗ ಅವನೇ ಎಲ್ಲರಿಗಿಂತ ಮುಂದಿದ್ದ. ಅವನ ಹಿಂದೆ ಒಂದು ಮಾರು ಅಂತರದಲ್ಲಿ ನಾನು. ಆಗ ಗಂಟೆ ಹೊಡೆದೆ. ಅವನು ತಿರುಗಿ ನೋಡಿದ, ಎದ್ದು ತುಳಿದ. ನಾನು ಹಿಂದೆಯೇ ಹೋದೆ. ಮತ್ತೆ ಹೊಡೆದೆ.

“ದಾಟೂದಾದ್ರೆ ದಾಟು!” ಎಂದು ಕೂಗಿದ.

ನಾನು ದಾಟಲಿಲ್ಲ. ದಾಟುವ ಶಕ್ತಿ ಇತ್ತು, ಮನಸ್ಸಿರಲಿಲ್ಲ. ತಿರುವು ತಿರುವಿಗೂ ಗಂಟೆ ಹೊಡೆದೆ. ಅವನ ಅಂಗಿ ಬೆನ್ನಿಗೆ ಅಂಟಿತು, ಸೈಕಲ್ಲು ಹಾವಿನಂತೆ ಹೊರಳತೊಡಗಿತು. “ಗಂಟೆ ನಿಲ್ಸೋ” ಎಂದ ಕೊನೆಗೆ, ಅಳುವ ದನಿಯಲ್ಲಿ. ಆ ಮಾತು ಕೇಳಿದಾಗ ನನಗಾದ ಸುಖವನ್ನು ಮುಚ್ಚಿಡುವುದಿಲ್ಲ. ಘಟ್ಟದ ನೆತ್ತಿಯಲ್ಲಿ ಅವನು ಸೈಕಲ್ ಬಿಟ್ಟು ರಸ್ತೆಯ ಬದಿಗೆ ಕುಸಿದು ವಾಂತಿ ಮಾಡಿಕೊಂಡ.

ನಾನೂ ಇಳಿದೆ.

ಅವನು ಬಾಯಿ ಒರೆಸಿಕೊಂಡು ನನ್ನನ್ನು ನೋಡಿದ. “ನೀ ಎಂತಕೆ ನಿಂತೆ?”

“ನೋಡೂಕೆ” ಎಂದೆ.

ಎಷ್ಟು ಹೊತ್ತು ನೋಡಿದೆನೋ. ಕೇಣಿಯ ಮೀನುಗಾರನೊಬ್ಬ, ನಮ್ಮಿಬ್ಬರ ಲೆಕ್ಕದಲ್ಲೇ ಇಲ್ಲದವನು, ಏದುಸಿರು ಬಿಡುತ್ತ ಮೇಲೆ ಬಂದ. “ಪಂಕ್ಚರಾಯ್ತೋ ಮಾಸ್ತರೆ?” ಎಂದು ಮರುಕದಿಂದ ಕೇಳಿ ಇಳಿಜಾರಿಗೆ ಬಿದ್ದ. ನಾನು ಹತ್ತಿಕೊಂಡು ಬೆನ್ನಟ್ಟುವಷ್ಟರಲ್ಲಿ ಆ ಮೀನುಗಾರ ಕಾರವಾರ ಮುಟ್ಟಿದ್ದ. ಹಾರ ಅವನಿಗೆ ಬಿತ್ತು. ನಾನು ಎರಡನೆಯವ. ವಕೀಲರು ಕೈ ಕುಲುಕಲು ಬಂದರು. ನಾನು ಕೈ ಕೊಡಲಿಲ್ಲ.

ಅಕ್ಕ ಊಟಕ್ಕೆ ಬಡಿಸುತ್ತ ಎಲ್ಲವನ್ನೂ ಕೇಳಿದಳು. ಗೆಲ್ಲುವ ಪಂದ್ಯ ಕೈಬಿಟ್ಟೆನೆಂದು ಬೈಯುತ್ತಾಳೆ ಅಂದುಕೊಂಡಿದ್ದೆ.

“ಅಂವ ಅತ್ನೋ?” ಎಂದಳು.

“ಅಳೂಕೆ ಬಂದಿತ್ತು.”

“ಅಳೂವರೆಗೆ ನಿಲ್ಬೇಕಾಗಿತ್ತು” ಎಂದು ಇನ್ನೊಂದು ಮೀನಿನ ಹೋಳು ಹಾಕಿದಳು.

ಮರುವರ್ಷ ಅವನು ಪಂದ್ಯಕ್ಕೆ ಬರುವುದಿಲ್ಲವೆಂದು ಗೊತ್ತಾಯಿತು. ನಾನೂ ಹೆಸರು ಕೊಡಲಿಲ್ಲ. ಅವನಿಲ್ಲದ ಘಟ್ಟವನ್ನು ಹತ್ತಲು ಮನಸ್ಸಾಗಲಿಲ್ಲ.